ಅಮ್ಮನ ಹಿಮ್ಮಡಿಯ ಮೆಲನೋಮಾ: ಲಸಿಕೆ ತಗೊಂಡವರು ಐದು ವರ್ಷದ ಮೇಲೆ ಹೇಗಿದ್ದಾರೆ?

ಶಂಕರಪುರದವಳು:
ಅಮ್ಮನಿಗೆ 61. ಮಲ್ಲಿಗೆ ತೋಟದಲ್ಲಿ ಬರಿಗಾಲಲ್ಲೇ ಓಡಾಡಿದ ಜೀವ. ಹಿಮ್ಮಡಿಯಲ್ಲಿ ಗೇರುಬೀಜದಷ್ಟು ಕಪ್ಪು ಕಲೆ ಇತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಆಣಿ ಅಂದರು. ಎಂಟು ತಿಂಗಳು ಆಣಿ ಪಟ್ಟಿ ಅಂಟಿಸಿದೆವು. ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ರಕ್ತದ ಹೆಜ್ಜೆ. ಬಯಾಪ್ಸಿಯಲ್ಲಿ ಮೆಲನೋಮಾ, ಅಂದರೆ ಚರ್ಮದ ಕ್ಯಾನ್ಸರ್. ಆಪರೇಷನ್ ಆಯಿತು. ತೊಡೆಸಂದಿನ ಒಂದು ಗ್ರಂಥಿಯಲ್ಲೂ ಸಿಕ್ಕಿತು, ಸ್ಟೇಜ್ 3. ಇನ್ನು ಪೆಂಬ್ರೋಲಿಜುಮಾಬ್ (ಕ್ಯಾನ್ಸರ್ ಮೇಲೆ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಔಷಧಿ) ಡ್ರಿಪ್ ಕೊಡೋಣ ಅಂತಿದ್ದಾರೆ ಡಾಕ್ಟರು.

ಅಷ್ಟರಲ್ಲಿ ಮಾವ ಫ್ಯಾಮಿಲಿ ಗ್ರೂಪಿಗೆ ವಿಡಿಯೋ ಹಾಕಿದ್ದಾರೆ: ಲಸಿಕೆ ಬಂತಂತೆ, ಅರ್ಧಕ್ಕರ್ಧ ಜನ ಗುಣವಂತೆ. ಹೌದಾ?

ದೇರಳಕಟ್ಟೆ ಲ್ಯಾಬಿನವ:
ಅರ್ಧ ಜನ ಗುಣ ಅಲ್ಲ ಮಾರಾಯ್ರೆ. ಅದು ಮೊಡೆರ್ನಾ, ಮರ್ಕ್ ಕಂಪನಿಗಳ ಎಂಆರ್‌ಎನ್‌ಎ ಲಸಿಕೆ. ಪ್ರಯೋಗದಲ್ಲಿ ಇದ್ದದ್ದು 157 ಜನ. ಎಲ್ಲರೂ ನಿಮ್ಮ ಅಮ್ಮನ ಹಾಗೆ ಗಡ್ಡೆ ತೆಗೆಸಿಕೊಂಡವರು, ಮತ್ತೆ ಬರುವ ಅಪಾಯ ಜಾಸ್ತಿ ಇದ್ದವರು. ಡ್ರಿಪ್ ಎಲ್ಲರಿಗೂ ಉಂಟು, ಲಸಿಕೆ 107 ಜನರಿಗೆ ಮಾತ್ರ.

ಎರಡೂವರೆ ವರ್ಷಕ್ಕೆ ಕಾಯಿಲೆ ಮರಳದೆ ಇದ್ದವರು ಲಸಿಕೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 75, ಬರೀ ಡ್ರಿಪ್ಪಿನ ಗುಂಪಿನಲ್ಲಿ 56. ಮರಳುವ ಅಥವಾ ಸಾಯುವ ಅಪಾಯ 49% ಕಡಿಮೆ ಅಂತ ಲೆಕ್ಕ. ಮಾವನ "ಅರ್ಧ" ಅಲ್ಲಿಂದ ಬಂದದ್ದು. 2026ರ ಜನವರಿಯಲ್ಲಿ ಐದು ವರ್ಷದ ಲೆಕ್ಕ ಬಂತು, ಆಗಲೂ ಅದೇ 49. ಲಾಭ ಕರಗಲಿಲ್ಲ, ನನಗೆ ದೊಡ್ಡದಾಗಿ ಕಂಡದ್ದು ಅದು.

ಬೋಸ್ಟನ್ನಿನ ಇನ್ನೊಂದು ಲಸಿಕೆ ಬರೀ 8 ಜನರಿಗೆ ಕೊಟ್ಟದ್ದು. ಸುಮಾರು ನಾಲ್ಕು ವರ್ಷದ ನಂತರವೂ ಎಂಟೂ ಜನ ಬದುಕಿದ್ದರು, ಗಡ್ಡೆಯನ್ನು ಗುರುತಿಸುವ ಟಿ ಕಣಗಳೂ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ರಕ್ತದಲ್ಲಿ ಇದ್ದವು. ಆದರೆ ಎಂಟು ಜನ ಅಂದರೆ ಒಂದು ರಿಕ್ಷಾ, ಜಾಸ್ತಿ ಅಂದರೆ ಎರಡು. 2013ರಲ್ಲಿ ಮೇಜ್-ಎ3 ಅನ್ನುವ ಲಸಿಕೆ ಸಾವಿರಕ್ಕೂ ಹೆಚ್ಚು ಜನರ ಪ್ರಯೋಗದಲ್ಲಿ ಮುಗ್ಗರಿಸಿತ್ತು. ಅದಕ್ಕೇ ಈಗಿನದ್ದಕ್ಕೂ ಸಾವಿರ ಜನರ ಪ್ರಯೋಗ ಬೇಕಾದದ್ದು.

ಶಂಕರಪುರದವಳು:
ಬಿಸಿಲಿಂದ ಬಂತು ಅಂತಾರೆ ಅತ್ತೆ. ಅಂಗಾಲಿಗೆ ಬಿಸಿಲು ಎಲ್ಲಿಂದ?

ಕಾಪು ಕಡಲು:
ಇದು ಬಿಸಿಲಿನದ್ದಲ್ಲ, ಏಕ್ರಲ್ ಅನ್ನುವ ಬಗೆ. ಅಂಗಾಲು, ಅಂಗೈ, ಉಗುರಿನಡಿ ಬರುತ್ತದೆ. ನಮ್ಮ ದೊಡ್ಡಪ್ಪನಿಗೂ ಅದೇ ಆಗಿತ್ತು. ಬಾಬ್ ಮಾರ್ಲೆಗೂ ಕಾಲ್ಬೆರಳಲ್ಲಿ ಶುರುವಾದದ್ದು.

ಒಂದು ಮಾತು ಬೇಸರದ್ದು. ಈ ಎಂಆರ್‌ಎನ್‌ಎ ಲಸಿಕೆ ಒಬ್ಬೊಬ್ಬರ ಗಡ್ಡೆಯ ಜೀನ್ ಓದಿ, ಅದರ ಬದಲಾವಣೆಗಳಿಂದ 34ರವರೆಗೆ ಗುರುತು ಆರಿಸಿ, ಅವರಿಗೆಂದೇ ತಯಾರಿಸುವುದು. ಬಿಸಿಲಿನ ಮೆಲನೋಮಾದಲ್ಲಿ ಜೀನಿನ ಬದಲಾವಣೆ ರಾಶಿ ಇರುತ್ತದೆ, ಏಕ್ರಲ್‌ನಲ್ಲಿ ಕಡಿಮೆ. ಅಂದರೆ ಆರಿಸಲಿಕ್ಕೇ ಕಡಿಮೆ. ಬಿಸಿಲಿನ ಬಗೆಯೇ ಜಾಸ್ತಿ ಬರುವ ಬಿಳಿಯರ ಫಲಿತಾಂಶವನ್ನು ನಮ್ಮ ಅಂಗಾಲಿಗೆ ನೇರ ಹಚ್ಚಬೇಡಿ. ಲಸಿಕೆಗೆ ಕಾಯುತ್ತಾ ಡ್ರಿಪ್ ತಡ ಮಾಡಬೇಡಿ. ಮತ್ತೆ, ಬಯಾಪ್ಸಿಯ ತುಂಡನ್ನು ಕಾದಿಟ್ಟ ಮೇಣದ ಬ್ಲಾಕ್ ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ. ದೊಡ್ಡಪ್ಪನ ಜೀನ್ ಟೆಸ್ಟಿಗೆ ಬೇಕಾದಾಗ ನಮಗೆ ಅದು ಸಿಗಲಿಲ್ಲ.

ಶಂಕರಪುರದವಳು:
ಥ್ಯಾಂಕ್ಸ್ ಇಬ್ಬರಿಗೂ. ಬ್ಲಾಕ್ ಲ್ಯಾಬಿನಲ್ಲೇ ಉಂಟಂತೆ, ನಂಬರ್ ರಿಪೋರ್ಟಿನ ಮೂಲೆಯಲ್ಲಿತ್ತು. ಗುರುವಾರ ಮೊದಲ ಡ್ರಿಪ್. ಅಮ್ಮನದ್ದು ಒಂದೇ ಪ್ರಶ್ನೆ: ಬೆಳಿಗ್ಗೆ ಮೊಗ್ಗು ಕೊಯ್ದು ಹೋದರೆ ಆಗ್ತದಾ ಅಂತ. ಮಾವನಿಗೆ ಇನ್ನೂ ಉತ್ತರ ಬರೆದಿಲ್ಲ.