ಅಪ್‌ಡೇಟ್: ಮಾರುತಿ ಜಿಪ್ಸಿಯ ಸ್ಟೀರಿಂಗ್ ನಡುಕ ನಿಂತಿತು

ತಾಮ್ಹಿಣಿ ಘಾಟಿನಾಚೆ ಗುಂಡಿ ಹಾರಿದರೆ 60ರ ವೇಗದಲ್ಲಿ ಸ್ಟೀರಿಂಗ್ ಕುಣಿಯುತ್ತದೆ, ಡ್ಯಾಂಪರ್ (ಸ್ಟೀರಿಂಗ್ ಅದುರು ತಗ್ಗಿಸುವ ಶಾಕ್ ಅಬ್ಸಾರ್ಬರ್) ಬದಲಿಸಲೇ ಎಂದು ಹಿಂದೆ ಕೇಳಿದ್ದೆ. ಬೇಡ ಎಂದವರ ಮಾತೇ ಸರಿ. ಡ್ಯಾಂಪರ್ ರೋಗ ಮುಚ್ಚಿಡುತ್ತದೆ, ಅಷ್ಟೇ.

ರೋಗದ ಮೂಲ ಕಿಂಗ್‌ಪಿನ್ ಬೇರಿಂಗ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಬೇರಿಂಗ್. ಮುಂದಿನ ಆಕ್ಸಲ್ ಎತ್ತಿ, ಚಕ್ರದ ತಲೆ-ಬುಡ ಹಿಡಿದು ಅಲ್ಲಾಡಿಸಿ. ಇನ್ನೊಬ್ಬರು ಬ್ರೇಕ್ ತುಳಿದಿರಲಿ. ಆಗಲೂ ಸಡಿಲ ಅಲುಗಾಟವಿದ್ದರೆ ಅದು ಚಕ್ರದ ನಡುವಿನ ಹಬ್ ಬೇರಿಂಗ್ ಅಲ್ಲ, ಕಿಂಗ್‌ಪಿನ್. ಪ್ರತಿ ಬದಿಗೆ 2 ಬೇರಿಂಗ್, ಜೊತೆಗೆ ನಕಲ್ (ಚಕ್ರ ಹೊತ್ತು ತಿರುಗುವ ಭಾಗ) ಸೀಲ್ ಹೊಸದೇ ಬೇಕು: ಪುಣೆಯ ಮಳೆನೀರು ಹೊಕ್ಕು ಗ್ರೀಸ್ ಮಜ್ಜಿಗೆಯಂತಾಗಿತ್ತು. ಸೀಲ್ ಹಾಕುವ ಮೊದಲೇ, ಟೈ ರಾಡ್ (ಎರಡೂ ಮುಂಚಕ್ರ ಜೋಡಿಸುವ ಸ್ಟೀರಿಂಗ್ ಸರಳು) ಬಿಚ್ಚಿ, ನಕಲ್ ಅನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಬಿಗಿ ನೋಡಬೇಕು. ಸಡಿಲವಿದ್ದರೆ ಶಿಮ್ (ತೆಳು ತಗಡಿನ ಬಿಲ್ಲೆ) ಒಂದೊಂದೇ ತೆಗೆಯಿರಿ. ಮೆಕ್ಯಾನಿಕ್‌ಗಳು ಹಾರಿಸುವ ಹಂತ ಇದೇ.

ಮುಂದಿನ ಉದ್ದ ಶ್ಯಾಕಲ್‌ಗಳನ್ನೂ (ಲೀಫ್ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿ) ತೆಗೆಸಿದೆ. ಅವು ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಮಾಡುತ್ತವೆ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಈಗ 80ರಲ್ಲೂ ನಡುಕವಿಲ್ಲ. ಎಡಗಡೆಯ ಟೈ ರಾಡ್ ಎಂಡ್ ಬದಲಿಸುವುದು ಮಾತ್ರ ಬಾಕಿ.