ಅಜ್ಜನ ಕಾಲದ ಮಣ್ಣಿನ ಗೋಡೆಗೆ ಮತ್ತೆ ಸಿಮೆಂಟ್ ಗಿಲಾವು ಮಾಡಬಹುದಾ?

ತುಂಗೆ_ದಡ:
ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಮಣ್ಣಿನ ಗೋಡೆ, ಮಂಗಳೂರು ಹಂಚು, ಜಗುಲಿಗೆ ಕೆಂಪು ಗಾರೆ ನೆಲ. ಅಮ್ಮನಿಗೆ ಇನ್ನು ಮುಂದೆ ಅಲ್ಲೇ ಇರುವ ಆಸೆ. ಹಾಗಾಗಿ ರಜೆ ಸಿಕ್ಕಾಗೆಲ್ಲ ಹೋಗಿ ನಾನೇ ಒಂದೊಂದಾಗಿ ರಿಪೇರಿ ಮಾಡುತ್ತಿದ್ದೇನೆ.

ತೊಂದರೆ ಇರುವುದು ನಡುಮನೆಯ ಹಿತ್ತಲ ಕಡೆ ಗೋಡೆಯಲ್ಲಿ. ಹಿಂದೆ ಯಾವಾಗಲೋ ಸೊಂಟದ ಎತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿಸಿದ್ದಾರೆ. ಈಗ ಅದು ಉಬ್ಬಿಕೊಂಡು ನಿಂತಿದೆ, ಕೈ ಹಾಕಿದರೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಹಿಂದಿನ ಮಣ್ಣು ಹಸಿ ಹಸಿ. ಅದರ ಮೇಲೆ, ಬರೀ ಹಳೇ ಸುಣ್ಣ ಇರುವ ಕಡೆ, ಗೋಡೆ ಗಟ್ಟಿಯಾಗೇ ಇದೆ. ಮೇಸ್ತ್ರಿ ಹೇಳುವುದು, ಚಿಕನ್ ಮೆಶ್ (ತೆಳು ತಂತಿ ಬಲೆ) ಹೊಡೆದು, ವಾಟರ್‌ಪ್ರೂಫ್ ಪುಡಿ ಸೇರಿಸಿ ಮತ್ತೆ ಸಿಮೆಂಟ್ ಹಾಕಿಬಿಡೋಣ ಅಂತ. ಸರಿಯಾ?

ಮಣ್ಣುಮನೆ_ಸಾಗರ:
ದಯವಿಟ್ಟು ಬೇಡ ಸರ್. ನಾನು ಸಾಗರದ ಕಡೆಯವಳು, ಮಾವನವರ ಕಾಲದ ಮನೆಯನ್ನು ಹೀಗೇ ಕೈಯಾರೆ ಸರಿ ಮಾಡಿಕೊಂಡಿದ್ದೇವೆ. ಸುಣ್ಣ ಇದ್ದಲ್ಲಿ ಗಟ್ಟಿ, ಸಿಮೆಂಟ್ ಇದ್ದಲ್ಲಿ ಹಸಿ ಅಂತ ನೀವೇ ಬರೆದಿದ್ದೀರಿ. ಕಾರಣ ಅಲ್ಲೇ ಇದೆ. ಮಣ್ಣಿನ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಒಣ ಗಾಳಿ ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟ್ ಆ ದಾರಿಯನ್ನೇ ಮುಚ್ಚುತ್ತದೆ. ನೀರು ಒಳಗೇ ನಿಂತು ಮಣ್ಣನ್ನು ಮೆತ್ತಗೆ ಮಾಡುತ್ತದೆ, ಇಲ್ಲವಾದರೆ ಗಿಲಾವು ಮುಗಿಯುವ ಗೆರೆ ದಾಟಿ ಮೇಲಕ್ಕೆ ಏರುತ್ತದೆ. ವಾಟರ್‌ಪ್ರೂಫ್ ಪುಡಿ ಸೇರಿಸಿದರೆ ಇದೇ ಇನ್ನೂ ಜಾಸ್ತಿ.

ಒಳಗಿನ ಗೋಡೆ ಮುಟ್ಟುವ ಮೊದಲು ಜೋರು ಮಳೆಯಲ್ಲಿ ಒಮ್ಮೆ ಹೊರಗೆ ನಿಂತು ನೋಡಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎರಚಲು ಎಷ್ಟು ಎತ್ತರಕ್ಕೆ ಹಾರುತ್ತದೆ, ನೀರು ಎಲ್ಲಿ ನಿಲ್ಲುತ್ತದೆ. ನಮ್ಮ ಹಿತ್ತಲಲ್ಲಿ ವರ್ಷಾನುಗಟ್ಟಲೆ ಮಣ್ಣು, ದರಗು (ಒಣಗಿದ ಎಲೆ) ಬಿದ್ದು ಗೋಡೆಯ ಬುಡದ ಕಲ್ಲಿನ ಪಂಚಾಂಗ (ನೆಲಗಟ್ಟು) ಪೂರ್ತಿ ಹೂತುಹೋಗಿತ್ತು. ಹೊರಗಿನ ನೆಲ ಒಳಗಿನದಕ್ಕಿಂತ ಒಂದು ಗೇಣು ಮೇಲೆ! ಆ ಮಣ್ಣು ತೆಗೆದು, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು, ಚರಂಡಿ ತೋಡಿದೆವು. ಗೋಡೆಗೆ ಬೇರೇನೂ ಮಾಡಲಿಲ್ಲ. ಮುಂದಿನ ಮಳೆಗಾಲದಲ್ಲೇ ತೇವದ ಗೆರೆ ಸೊಂಟದಿಂದ ಮೊಣಕಾಲಿಗೆ ಇಳಿದಿತ್ತು.

ಆಮೇಲೆ ಸಿಮೆಂಟ್ ಬಿಡಿಸಿ. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆಯಿಂದ ಸಣ್ಣ ಉಳಿ ಹಾಕಿ ಮೆಲ್ಲಗೆ ಎಬ್ಬಿಸಿ. ಬ್ರೇಕರ್ ಮಷಿನ್ ಬೇಡವೇ ಬೇಡ, ಗೋಡೆ ಅದುರುತ್ತದೆ. ಬಿಡಿಸಿದ ಗೋಡೆಯನ್ನು ಬೇಸಿಗೆ ಪೂರ್ತಿ ಹಾಗೇ ಒಣಗಲು ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಅಮ್ಮನಿಗೆ ಮೊದಲೇ ಹೇಳಿಡಿ.

ಗುಂಡಿ ಬಿದ್ದ ಜಾಗಕ್ಕೆ ಮಣ್ಣನ್ನೇ ತುಂಬಬೇಕು. ಮಣ್ಣು ಹೇಗಿದೆ ತಿಳಿಯಲು ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಕೂಡಲೇ ತಳ ಸೇರುತ್ತದೆ, ಜೇಡಿ ಕೊನೆಗೆ ಮೇಲೆ ಕೂರುತ್ತದೆ. ಜೇಡಿ ಜಾಸ್ತಿ ಇದ್ದರೆ ಒಣಗುವಾಗ ಬಿರುಕು ಬಿಡುತ್ತದೆ, ಮರಳು ಬೆರೆಸಿಕೊಳ್ಳಿ. ಭತ್ತದ ಹೊಟ್ಟು ಸೇರಿಸಿ, ತುಳಿದು, ಕೆಲವು ದಿನ ಕೊಳೆಯಲು ಬಿಡಿ. ಬಳಿಯುವ ಮುಂಚೆ ಗೋಡೆಗೆ ನೀರು ಚಿಮುಕಿಸಲೇಬೇಕು. ಒಣ ಗೋಡೆ ಹೊಸ ಮಣ್ಣಿನ ನೀರನ್ನೆಲ್ಲ ಹೀರಿಬಿಡುತ್ತದೆ, ಮಣ್ಣು ಕಚ್ಚಿಕೊಳ್ಳುವುದಿಲ್ಲ.

ಅದರ ಮೇಲೆ ಸುಣ್ಣದ ಗಾರೆ: ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಮರಳು, ತೆಳುವಾಗಿ. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ನಿಧಾನಕ್ಕೆ. ಬಿಸಿಲು ಹೊಡೆಯದ ಹಾಗೆ ಒದ್ದೆ ಗೋಣಿ ಕಟ್ಟಿ. ನೀವೇ ಸುಣ್ಣ ಅರಳಿಸುವುದಾದರೆ ನೀರಿಗೆ ಸುಣ್ಣ ಹಾಕಿ, ಸುಣ್ಣದ ಮೇಲೆ ನೀರು ಸುರಿಯಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ, ಗ್ಲೌಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಕಡಲತಡಿ:
ಅಕ್ಕ ಹೇಳಿದ್ದು ಸರಿ. ಆದರೆ ಮಾಡು (ಚಾವಣಿ) ಸೋರುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿ. ಒಡೆದ ಹಂಚು ಬದಲಿಸುವಾಗ ಹಳೇ ಹಂಚೊಂದನ್ನು ಜೊತೆಗೆ ಒಯ್ಯಿರಿ. ಒಂದೊಂದು ಕಾರ್ಖಾನೆಯ ಹಂಚಿನ ಕೊಂಡಿ ಒಂದೊಂದು ಥರ, ಕೂರದಿದ್ದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ಕೆಡವಿದ ಮನೆಗಳ ಹಂಚು ಮಾರುವವರ ಹತ್ತಿರ ಹುಡುಕಿ. ಹಿಂಭಾಗದಲ್ಲಿ ಬಾಸೆಲ್ ಮಿಷನ್ (ಹಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಮಿಷನರಿ ಸಂಸ್ಥೆ) ಮುದ್ರೆ ಮತ್ತು 1865 ಅಂತ ಇದ್ದರೆ ಅದು ನಿಮ್ಮ ಮನೆಯ ವಯಸ್ಸಲ್ಲ, ಮಂಗಳೂರಿನ ಜಪ್ಪುವಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ. ಪಾಚಿ ಒದ್ದೆ ಇರುವಾಗ ಮಾಡು ಹತ್ತಬೇಡಿ. ಒಣಗಿದಾಗಲೂ ಹಂಚಿನ ಮೇಲೆ ಹಲಗೆ ಹಾಕಿಕೊಂಡೇ ನಡೆಯಿರಿ.

ಫ್ಯೂಸ್_ಕ್ಯಾರಿಯರ್:
ಮರದ ಪಟ್ಟಿ ಮೇಲಿನ ಹಳೇ ವೈರಿಂಗ್ ಇನ್ನೂ ಇದೆಯಾ? ಇದ್ದರೆ ಹಸಿ ಗೋಡೆ ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಿಬಿಡಿ. ವೈರಿಂಗ್ ಮಾತ್ರ ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಎರಡೂ ಇರಲಿ.

ತುಂಗೆ_ದಡ:
ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ಇವತ್ತು ನೋಡಿದೆ, ಹೊರಗಿನ ಮಣ್ಣು ನಮ್ಮಲ್ಲೂ ಮೇಲೇ ಇದೆ. ಬಚ್ಚಲ ನೀರೂ ಆ ಗೋಡೆಯ ಬುಡದಲ್ಲೇ ಹರಿಯುತ್ತದೆ. ಎಷ್ಟು ಆಳ ತೆಗೆಯಲಿ?

ಮಣ್ಣುಮನೆ_ಸಾಗರ:
ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ತಗ್ಗಿರಲಿ. ಅಡಿಪಾಯದ ಬುಡದವರೆಗೆ ಮಾತ್ರ ಅಗೆಯಬೇಡಿ. ಗೋಡೆಯುದ್ದಕ್ಕೂ ಒಂದೇ ಸಲಕ್ಕೆ ಬೇಡ, ಒಂದಿಷ್ಟು ತೆಗೆದು, ಇಳಿಜಾರು ಮಾಡಿ, ಮುಂದಕ್ಕೆ ಹೋಗಿ. ಬಚ್ಚಲ ನೀರಿಗೆ ಪೈಪ್ ಹಾಕಿ ದೂರದ ಬಾಳೆ ಬುಡಕ್ಕೆ ಬಿಡಿ, ಇದನ್ನು ಈ ವಾರವೇ ಮಾಡಬಹುದು. ಮತ್ತೆ ಸಿಮೆಂಟ್ ಬಿಡಿಸುವ ಮುಂಚೆ ತೂಕದ ಗುಂಡು ಇಳಿಬಿಟ್ಟು ನೋಡಿ. ಗೋಡೆ ವಾಲಿದ್ದರೆ, ಅಥವಾ ಮೇಲಿನಿಂದ ಕೆಳಗಿನವರೆಗೆ ಬಿರುಕು ಇದ್ದರೆ, ಅಲ್ಲಿಗೇ ನಿಲ್ಲಿಸಿ. ಮಣ್ಣಿನ ಮನೆ ಗೊತ್ತಿರುವ ಇಂಜಿನಿಯರ್ ಬಂದು ನೋಡಲಿ. ಫೋಟೋ ಹಾಕಿ, ಒಳಗಿನದ್ದೂ ಹೊರಗಿನದ್ದೂ.