ಜೆಮೇನ್ ಅವಳಿಗಳ ಸೈಡ್ ಕ್ವೆಸ್ಟ್: ಬೇಕಂತಲೇ ನಗಿಸ್ಯಾರೋ, ಬರಹ ಕೆಟ್ಟು ನಗು ಬಂದದ್ದೋ?

ಸಾಧನಕೇರಿ_ಸುಳಿ

‘ಆಬ್ಲಿವಿಯನ್’ ವಿಡಿಯೋ ಆಟದ (2006ರ ಮೂಲ ಆವೃತ್ತಿ, 2025ರ ರಿಮಾಸ್ಟರ್ ಅಲ್ಲ) ‘ಸೆಪರೇಟೆಡ್ ಅಟ್ ಬರ್ತ್’ ಅನ್ನೋ ಸೈಡ್ ಕ್ವೆಸ್ಟಿಗೆ (ಮುಖ್ಯ ಕಥಿ ಬಾಜೂಕಿನ ಸಣ್ಣ ಕಥಿ) ಧಾರವಾಡದ ಮಾತಿನಾಗ ಡಬ್ಬಿಂಗ್ ಮಾಡೋ ವಿಚಾರ ಅದ. ತೆರಿ ಮ್ಯಾಲಿನ ಅಕ್ಷರ ಮುಟ್ಟೂದಿಲ್ಲ. ಹಳೇ ಆಟದ ಫಾಂಟು ಬಿಟ್‌ಮ್ಯಾಪ್, ಕನ್ನಡದ ಒತ್ತಕ್ಷರ ಕೂಡ್ಸೂದು ಅದರ ಕೈಲೆ ಆಗೂದಿಲ್ಲ. ಬರೇ ದನಿ ಬದಲಿ.

ಆಡದವರಿಗೆ ಕಥಿ: ಕೊರೋಲ್ ಊರಾಗ ರೆನಾಲ್ಡ್ ಜೆಮೇನ್ ಅಂತ ಒಬ್ಬ ಕುಡುಕ. ‘ನಿನ್ನ ಚೇಡಿನ್‌ಹಾಲ್‌ನಾಗ ನೋಡಿದ್ದೆ’ ಅಂತ ಯಾರೋ ಅವಗ ಅಂದಾರ. ಇಂವಾ ಆ ಊರಿನ ಕಡೆ ತಲಿನೂ ಹಾಕಿಲ್ಲ. ‘ನನ್ನ ಮಾರಿ ಹೊತ್ತು ತಿರಗೋ ಆ ಮನಷ್ಯಾನ್ನ ಹುಡುಕು’ ಅಂತ ಆಟಗಾರನ್ನ ಕಳಸ್ತಾನ. ಅಲ್ಲಿ ಗಿಲ್ಬರ್ಟ್ ಜೆಮೇನ್ ಸಿಗತಾನ. ಸತ್ತೇಹೋಗ್ಯಾನ ಅಂತ ತಿಳಕೊಂಡಿದ್ದ ಅವಳಿ ಒಡಹುಟ್ಟಿದಂವ ಬದುಕ್ಯಾನ ಅಂತ ಕೇಳಿ ಕೊರೋಲಿಗೆ ಹೊರಡತಾನ. ಇಬ್ಬರೂ ಕೂಡತಾರ. ಮುಗೀತು. ಜೀವಮಾನದ ಅಗಲಿಕೆ, ಅಳು ಇಲ್ಲ, ಅಪ್ಪಿಕೊಳ್ಳೂದಿಲ್ಲ. ಪ್ಯಾಟಿಯೊಳಗ ಹಳೇ ಗಿರಾಕಿ ಸಿಕ್ಕಂಗ ಮಾತಾಡ್ತಾರ.

ಪ್ರಶ್ನೆ ಇಷ್ಟ: ಇದು ಬೇಕಂತ ಬರೆದ ಹಾಸ್ಯ ಆಗಿದ್ರ ಡಬ್ಬಿಂಗಿನಾಗೂ ಹಾಸ್ಯ ತರಬೇಕು. ಬರಹ ಸಪ್ಪಗಾಗಿ ಹುಟ್ಟಿದ ನಗು ಆಗಿದ್ರ ನಾವು ಮ್ಯಾಲಿಂದ ಜೋಕ್ ಸುರಿಯೂದು ತಪ್ಪಾಗತದ. ಯಾವುದು ಅಂತ ಗುರತಿಸೂದು ಹೆಂಗ?

ಬೆಟಗೇರಿ_ಮಗ್ಗ

ಕಿವಿಗೆ ಬಿದ್ದದ್ದರ ಮ್ಯಾಲೆ ತೀರ್ಪು ಕೊಡಬ್ಯಾಡ್ರಿ. ಫೈಲ್ ತೆಗೀರಿ.

ಆಟ ಬಿಚ್ಚಿ ಬದಲಿಸೋ ಕನ್‌ಸ್ಟ್ರಕ್ಷನ್ ಸೆಟ್ ಅನ್ನೋ ಸಾಧನಾನ ಆಟ ಮಾಡಿದ ಬೆಥೆಸ್ಡಾದವರೇ ಪುಕ್ಕಟೆ ಕೊಟ್ಟಾರ. ಅದರಾಗ ಆಬ್ಲಿವಿಯನ್.ಇಎಸ್ಎಂ (ಆಟದ ಮೂಲ ಡೇಟಾ ಫೈಲ್) ಲೋಡ್ ಮಾಡಿ, ಕ್ಯಾರೆಕ್ಟರ್ ಮೆನುವಿನಿಂದ ಕ್ವೆಸ್ಟ್ ವಿಂಡೋಕ್ಕ ಹೋಗ್ರಿ. ಕ್ವೆಸ್ಟ್ ಆರಿಸಿ ಟಾಪಿಕ್ಸ್ (ಮಾತಿನ ವಿಷಯ) ಟ್ಯಾಬ್ ತೆಗದ್ರ ಒಂದೊಂದು ಸಾಲೂ ಬಿಡಿಬಿಡಿಯಾಗಿ ಕಾಣತೈತಿ. ಬರೇ ನೋಡೋದಿದ್ರ ಟಿಇಎಸ್4ಎಡಿಟ್ ಅನ್ನೋ ಇನ್ನೊಂದು ಸಾಧನ ಹಗುರ. ತಪ್ಪಿ ಏನಾರ ಬದಲಾಗೋ ಹೆದರಿಕಿನೂ ಕಡಿಮಿ, ಉಳಿಸದ ಹೊರಗ ಬಂದ್ರಾತು.

ಪ್ರತಿ ಸಾಲಿಗೂ ಎರಡು ಸಂಗತಿ ಅಂಟಿಕೊಂಡಿರತಾವ. ಒಂದು, ಭಾವ. ನ್ಯೂಟ್ರಲ್, ಆ್ಯಂಗರ್, ಡಿಸ್ಗಸ್ಟ್, ಫಿಯರ್, ಸ್ಯಾಡ್, ಹ್ಯಾಪಿ, ಸರ್‌ಪ್ರೈಸ್ ಅಂತ ಏಳು ಜಾತಿ, ಅದರ ಜೋರು 0ರಿಂದ 100ರ ತನಕ. ಮಾರಿ ಹೆಂಗ ಆಗಬೇಕು ಅನ್ನೋದು ಇದರಿಂದ ಬರತೈತಿ. ಇನ್ನೊಂದು, ಆ್ಯಕ್ಟರ್ ನೋಟ್ಸ್. ಈ ಸಾಲನ್ನ ಹೆಂಗ ಅನ್ನಬೇಕು ಅಂತ ದನಿ ಕೊಡೋರಿಗೆ ಬರದ ಚೀಟಿ. ನಿಮ್ಮ ಪ್ರಶ್ನೆಗೆ ಉತ್ತರ ಇದ್ರ ಅಲ್ಲೇ ಇರಬೇಕು.

ಓದೋದು ಹೆಂಗ ಅಂದ್ರ: ‘ನನ್ನ ಒಡಹುಟ್ಟಿದಂವ ಬದುಕ್ಯಾನ’ ಅನ್ನೋ ಅರ್ಥದ ಸಾಲಿಗೆ ಹ್ಯಾಪಿನೋ ಸರ್‌ಪ್ರೈಸೋ ದೊಡ್ಡ ಅಂಕಿಯೊಳಗ ಇಟ್ಟು, ದನಿ ಮಾತ್ರ ಒಣ ಕಟಿಗಿ ಆಗಿದ್ರ, ಬರದವ ನಗಸಾಕ ಹೋಗಿಲ್ಲ. ಅಳು ಬರಬೇಕಂತ ಇಟ್ಟದ್ದು ನಟನ ತನಕ ಮುಟ್ಟಿಲ್ಲ. ನೋಟಿನಾಗೇ ‘ಏನೂ ಆಗಿಲ್ಲದಂಗ ಅನ್ನು’ ಅನ್ನೋ ಧಾಟಿ ಇದ್ರ ಬೇಕಂತ ಮಾಡಿದ ಹಾಸ್ಯ. ನೋಟ್ ಖಾಲಿ ಇದ್ರ ಯಾವ ಕಡೆಗೂ ಸಾಕ್ಷಿ ಅಲ್ಲ, ಅದನ್ನ ಎಳದು ತಂದು ವಾದ ಮಾಡಬ್ಯಾಡ್ರಿ.

ದನಿ ಕಟಿಗಿ ಯಾಕಾತು ಅನ್ನೋದಕ್ಕ ಕಾರಣ ಗೊತ್ತಿದ್ದದ್ದ. ಈ ಆಟದ ನಟರಿಗೆ ಮಾತುಗಳನ್ನ ಪ್ರಸಂಗದ ಕ್ರಮದಾಗ ಕೊಟ್ಟಿರಲಿಲ್ಲ, ಅಕ್ಷರಮಾಲಿ ಕ್ರಮದಾಗ ಪಟ್ಟಿ ಮಾಡಿ ಕೊಟ್ಟಿದ್ರು ಅಂತ ನಟರೇ ಹೇಳ್ಯಾರ. ಹಿಂದಿನ ಮಾತು ಯಾವುದು, ಎದುರಿಗೆ ಯಾರದಾರ, ಗೊತ್ತಿಲ್ಲದ ಓದಿದ್ರ ಅಣ್ತಮ್ಮರ ಭೆಟ್ಟಿನೂ ಒಂದ, ಸಂತಿ ದರಾ ಹೇಳೂದೂ ಒಂದ.

ಮತ್ತ ಒಂದು. ಆಟದಾಗ ಒಂದು ಜಾತಿಯ ಗಂಡಸರಿಗೆಲ್ಲಾ ಹೆಚ್ಚುಕಡಿಮಿ ಒಬ್ಬನ ದನಿ. ರೆನಾಲ್ಡ್ ಬ್ರೆಟನ್ ಅನ್ನೋ ಜಾತಿ, ಗಿಲ್ಬರ್ಟೂ ಬ್ರೆಟನ್. ದನಿ ಒಂದ ಐತಲ್ಲ, ಅವಳಿ ಇರಬೇಕು ಅನ್ನೂವಂಗಿಲ್ಲ; ಹಂಗಂದ್ರ ಆಟದ ನಾಡು ಸೈರೊಡಿಲ್‌ನ ಅರ್ಧ ಬ್ರೆಟನ್ನರು ಒಂದ ಹೊಟ್ಟಿಯೊಳಗ ಹುಟ್ಟಿದವರು.

ಹಳೇಹುಬ್ಬಳ್ಳಿ_ಗಿರ್ಮಿಟ್

ಮಗ್ಗದಣ್ಣ ಹೇಳಿದ್ದು ಖರೆ, ಆದ್ರ ಅದು ಸಾಲಿನ ಲೆಕ್ಕ. ಕ್ವೆಸ್ಟಿನ ಕಟ್ಟಡ ನೋಡಿದ್ರ ಫೈಲ್ ತೆಗೆಯೋದಕಿಂತ ಮೊದಲ ಅರ್ಧ ತಿಳೀತದ.

ದೊಡ್ಡಾಟ ನೋಡ್ರಿ. ಪಾತ್ರ ರಂಗಕ್ಕ ಬಂದು ಎಷ್ಟ ಆರ್ಭಟ ಮಾಡ್ಲಿ, ಬಾಜೂಕ ಸಾರಥಿ ನಿಂತಿರತಾನ. ‘ತಾವು ಯಾರು, ಯಾತಕ್ಕ ಬಂದ್ರಿ’ ಅಂತ ಕೇಳತಾನ, ನಡುವ ಚುಚ್ಚತಾನ. ಮಂದಿಗೆ ಇಲ್ಲಿ ನಗಬಹುದು ಅಂತ ಪರವಾನಗಿ ಸಿಗೋದು ಅವನಿಂದ. ಸಾರಥಿನ್ನ ತಗದುಬಿಟ್ರ ಅದ ಮಾತು, ಅದ ವೇಷ, ಆದ್ರ ನಗಬೇಕೋ ಕೈ ಮುಗೀಬೇಕೋ ತಿಳಿಯೂದಿಲ್ಲ.

ಆಬ್ಲಿವಿಯನ್‌ನ ಮುಖ್ಯ ತ್ರಾಸ ಇದ. ಆಟಗಾರಗ ಬಾಯಿ ಇಲ್ಲ. ಪಟ್ಟಿಯೊಳಗ ‘ಗಿಲ್ಬರ್ಟ್ ಜೆಮೇನ್’ ಅಂತ ಹೆಸರು ಒತ್ತತೀರಿ, ಎದುರಿಗಿನಂವ ಭಾಷಣ ಮಾಡ್ತಾನ. ‘ಅಲ್ಲೋ ಮಾರಾಯಾ, ಇಷ್ಟು ವರ್ಷದ ಮ್ಯಾಲೆ ಸಿಕ್ಕೀರಿ, ಇಷ್ಟನ?’ ಅನ್ನಾವರು ಅಲ್ಲಿ ಯಾರೂ ಇಲ್ಲ. ಜರ್ನಲ್ ಬರಿಯೋದೂ ಒಣ ಪಂಚನಾಮೆ. ಇದಕ್ಕ ಎದುರಾಗಿ ‘ವಿಚರ್ 3’ (2015) ತಗೋರಿ. ವೈಟ್ ಆರ್ಚರ್ಡ್ ಊರಾಗ ಮುದುಕಿಯೊಬ್ಬಾಕಿ ತನ್ನ ಅಡಗಿ ಹಂಚು ಕಳದೈತಿ ಅಂತ ರಾಕ್ಷಸ ಹೊಡಿಯೋ ಗೆರಾಲ್ಟನ್ನ ಕಳಸ್ತಾಳ. ಗೆರಾಲ್ಟ್ ಹೆಣ ಪತ್ತೆ ಮಾಡೋ ವಿದ್ಯೆನೆಲ್ಲಾ ಹಂಚಿನ ಮ್ಯಾಲೆ ಖರ್ಚು ಮಾಡ್ತಾನ, ನಡುವ ಒಣ ಮಾತೂ ಒಗಿತಾನ. ಒಳಗ ನೋಡಿದ್ರ ಹೆಣ, ಸುಟ್ಟ ಕಾಗದ, ಒಂದು ಮಾನೋಕಲ್ (ಒಕ್ಕಣ್ಣಿನ ಚಷ್ಮಾ). ಸಣ್ಣ ವಸ್ತು, ದೊಡ್ಡ ತಯಾರಿ, ಅದರ ಹಿಂದ ಖರೆ ಕಥಿ. ಅದನ್ನ ಬೇಕಂತ ಮಾಡಿಲ್ಲ ಅನ್ನಾಕ ಯಾರಿಗೂ ಆಗೂದಿಲ್ಲ.

ಅಷ್ಟು ದೂರ ಯಾಕ, ಆಬ್ಲಿವಿಯನ್‌ನಾಗ ‘ಪ್ಯಾರನೋಯಾ’ ಐತಲ್ಲ. ಸ್ಕಿಂಗ್ರಾಡ್‌ನ ಗ್ಲಾರ್ಥಿರ್ ನಡುರಾತ್ರಿಗೆ ಗುಡಿ ಹಿಂದ ಬಾ ಅಂತಾನ. ಒಬ್ಬರ ಬೆನ್ನು ಹತ್ತು, ವರದಿ ಕೊಡು, ಇನ್ನೊಬ್ಬರು, ಮತ್ತೊಬ್ಬರು. ಬೆರ್ನಡೆಟ್ ಪೆನೆಲೆಸ್, ಟೌಟಿಯಸ್ ಸೆಕ್ಸ್ಟಿಯಸ್, ದಾವಿದ್ ಸುರಿಲಿ. ಅವರ ದಿನಚರಿ ನೋಡಿದ್ರ ಎಲ್ಲಾ ಮನಿ, ಕೆಲಸ, ಊಟ. ಅವನ ಅನುಮಾನ ಮಾತ್ರ ಬಲಿತಾನೇ ಹೋಗತದ. ನೀವು ಹೌದಂದ್ರ ಒಂದು ದಾರಿ, ಅಲ್ಲಂದ್ರ ಒಂದು, ಕಾವಲಿನ ಕ್ಯಾಪ್ಟನ್ ಡಿಯಾನ್ ಹತ್ರ ಹೋದ್ರ ಇನ್ನೊಂದು. ಅದ ಆಟ, ಅದ ಸಪ್ಪನ ವ್ಯವಸ್ಥೆ. ಆದ್ರೂ ಕೆಲಸ ಮಾಡತದ, ಯಾಕಂದ್ರ ಒಂದ ಏಟು ಮೂರು ಸಲ ಬೀಳತದ, ಪ್ರತಿ ಸಲ ಜೋರಾಗಿ. ಡಿಯಾನ್ ಅಲ್ಲಿ ಸಾರಥಿ.

ಜೆಮೇನ್ ಕ್ವೆಸ್ಟಿನಾಗ ಇದು ಯಾವುದೂ ಇಲ್ಲ. ಏಟಿಗೆ ಏರಿಕಿ ಇಲ್ಲ, ಸಾರಥಿ ಇಲ್ಲ. ಮುಂದ ‘ಲೆಗಸಿ ಲಾಸ್ಟ್’, ‘ಸಿನ್ಸ್ ಆಫ್ ದ ಫಾದರ್’ ಅಂತ ಅದ ಕಥಿ ಬೆಳೀತದ: ಓಗರ್‌ಗಳು ಹಿಡಕೊಂಡ ವೆದರ್ಲಿಯ ಮನಿ, ಅಪ್ಪನ ಮ್ಯಾಲಿನ ಕಳವಿನ ಆರೋಪ, ಕೊರೋಲ್‌ನ ಆನರ್‌ಬ್ಲೇಡ್ ಕತ್ತಿ. ಎಲ್ಲಾ ಗಂಭೀರ. ಹಾಸ್ಯಕ್ಕ ಬರದಿದ್ರ ಮುಂದಿನ ಎರಡರಾಗ ಒಂದಾರ ಎಳಿ ಉಳೀತಿತ್ತು. ನನ್ನ ಲೆಕ್ಕದಾಗ ಬರದವ ಕಣ್ಣೀರಿಗೆ ಬರದ, ಆಟ ಅದನ್ನ ಪ್ರಹಸನ ಮಾಡಿತು.

ಹಾವೇರಿ_ಏಲಕ್ಕಿ

‘ಕಣ್ಣೀರಿಗೆ ಬರದ’ ಅನ್ನೋದು ಸ್ವಲ್ಪ ಅವಸರ ಆತು. ಕುಡುಕನೊಬ್ಬ ತನ್ನ ಮಾರಿ ಕದ್ದಾರ ಅಂತ ದೂರು ಕೊಡೋದು ಮೂಲದಾಗೇ ಹಾಸ್ಯದ ಬೀಜ. ಅವಳಿಗಳ ಗೊಂದಲ ಕಂಪನಿ ನಾಟಕದವರಿಗೂ ಹಳೇ ಸರಕು. ಪೀಠಿಕೆ ಬೇಕಂತ ನಗೆಯದು, ಭೆಟ್ಟಿ ಮಾತ್ರ ಬ್ಯಾಡಂದ್ರೂ ನಗೆಯದು. ಎರಡನ್ನ ಬ್ಯಾರೆ ಬ್ಯಾರೆ ಇಟ್ಟು ನೋಡ್ರಿ.

‘ಕೆಟ್ಟದಾಗಿ ಕೇಳಿಸ್ತು, ಹಂಗಾರ ತಪ್ಪು’ ಅನ್ನೋ ತರ್ಕಕ್ಕ ಎಚ್ಚರಿಕೆಗೆ ಒಂದು ಹಳೇ ಉದಾಹರಣೆ. ‘ಝೆಲ್ಡಾ 2’ (ಜಪಾನಿನಾಗ 1987) ಒಳಗ ರೂಟೊ ಊರಾಗ ಒಬ್ಬ ಮನಷ್ಯಾ ‘ಐ ಆ್ಯಮ್ ಎರರ್’ ಅಂತಾನ. ಅಷ್ಟ. ಬಹಳ ಮಂದಿ ಇದು ಆಟದ ದೋಷ, ಇಲ್ಲಾ ಅನುವಾದದ ತಪ್ಪು ಅಂತ ನಕ್ಕರು. ತಪ್ಪಿದ್ದದ್ದು ಅಲ್ಲಲ್ಲ. ಸರಿಯಾ ಊರಿನ ಬಡಗಣ ಕಾಡಿನಾಗ ಬಾಗು ಅನ್ನಾವ ಇದ್ದಾನಲ್ಲ, ಅವನ ಹೆಸರು ಖರೆ ಅಂದ್ರ ‘ಬಗ್’. ಒಬ್ಬ ಎರರ್, ಒಬ್ಬ ಬಗ್. ಕಂಪ್ಯೂಟರ್ ಬರಿಯೋರ ಜೋಡಿ ಜೋಕು. ಅನುವಾದದವರು ಜಪಾನಿ ಉಚ್ಚಾರ ಹಂಗ ಇಟ್ಟು ‘ಬಾಗು’ ಮಾಡಿದ್ರು, ಜೋಡಿ ಮುರೀತು, ಉಳಿದ ಅರ್ಧ ತಪ್ಪಿನಂಗ ಕಾಣಿಸ್ತು. ಬೇಕಂತ ಮಾಡಿದ್ದೂ ಡಬ್ಬಿಂಗಿನಾಗ ದೋಷ ಆಗಬಹುದು ಅನ್ನೋದು ನಿಮಗ ಸಂಬಂಧಪಟ್ಟ ಮಾತು.

ಉಲ್ಟಾ ದಾರಿನೂ ಇದೆ. ‘ಫೈನಲ್ ಫ್ಯಾಂಟಸಿ 4’ರ 1991ರ ಇಂಗ್ಲಿಷಿನಾಗ ಮುದುಕ ಟೆಲ್ಲಾ ಸಿಟ್ಟಿಲೆ ‘ಯು ಸ್ಪೂನಿ ಬಾರ್ಡ್’ ಅಂತಾನ. ಮಗಳನ್ನ ಕಳಕೊಂಡ ಅಪ್ಪನ ಬಾಯಾಗ ಹಳೇ ಪುಸ್ತಕದ ಬೈಗಳ. ನಗು ಬಂತು, ಹೆಸರಾತು, ಮುಂದಿನ ಆವೃತ್ತಿಗಳು ಗೊತ್ತಿದ್ದೇ ಅದನ್ನ ಉಳಿಸಿಕೊಂಡವು. ಆಬ್ಲಿವಿಯನ್‌ನಾಗೂ ಹಂಗ: ತಂಡಿಲ್ವೆ ಅನ್ನೋ ಎಲ್ಫ್ ಹೆಂಗಸಿನ ಮಾತಿನ ನಡುವ ನಟಿ ‘ತಡೀರಿ, ಇನ್ನೊಮ್ಮೆ ಅಂತೀನಿ’ ಅಂದದ್ದು ಕತ್ತರಿಸದ ಉಳೀತು. ರಿಮಾಸ್ಟರ್ ಮಾಡಿದವರು ಅದನ್ನ ತಗೀಲೇ ಇಲ್ಲ. 2006ರಾಗ ತಪ್ಪು, 2025ರಾಗ ಬೇಕಂತ. ಅಂದಹಾಗೆ ತಂಡಿಲ್ವೆ ಆಟದಾಗ ಮಾತುಗಾರಿಕೆ ಕಲಿಸೋ ಗುರು.

ಸಾಧನಕೇರಿ_ಸುಳಿ

ಹಂಗಾರ ರೆನಾಲ್ಡನ ದೂರಿನ ಸಾಲುಗಳಿಗೆ ಹಾಸ್ಯ, ಭೆಟ್ಟಿ ಸಾಲುಗಳಿಗೆ ಖರೆ ಭಾವ. ಇದನ್ನ ರೆಕಾರ್ಡಿಂಗಿನಾಗ ಹೆಂಗ ಹಿಡಿಯೂದು? ಸಾಲು ಒಂದೊಂದು ಬಿಡಿ ಎಂಪಿ3 ಅದಾವ.

ಬೆಟಗೇರಿ_ಮಗ್ಗ

ಮೊದಲ, ಅವರು ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ಫೈಲ್ ಹೆಸರಿನ ಕ್ರಮದಾಗ ಓದಿಸಬ್ಯಾಡ್ರಿ. ಸ್ಟೇಜ್ (ಕ್ವೆಸ್ಟಿನ ಹಂತ) ಕ್ರಮದಾಗ ಸಾಲು ಜೋಡಿಸಿ, ಇಬ್ಬರನ್ನ ಎದುರಾಬದುರಾ ಕುಂದ್ರಿಸಿ ಪೂರಾ ಪ್ರಸಂಗ ಒಂದ ಓಟದಾಗ ರೆಕಾರ್ಡ್ ಮಾಡ್ರಿ. ಆಮ್ಯಾಲೆ ಕತ್ತರಿಸಿ ಮೂಲ ಹೆಸರು ಕೊಡ್ರಿ. ಹೆಸರಿನಾಗ ಕ್ವೆಸ್ಟ್ ಐಡಿ, ಟಾಪಿಕ್ ಐಡಿ, ಫಾರ್ಮ್ ಐಡಿ, ಕೊನಿಗೆ ಸಾಲಿನ ಅಂಕಿ ಇರತಾವ. ಒಂದು ಅಕ್ಷರ ತಪ್ಪಿದ್ರೂ ಹಳೇ ಇಂಗ್ಲಿಷ್ ದನಿನ ಬರತೈತಿ.

ಜಾಗಾ: ಡೇಟಾ, ಅದರೊಳಗ ಸೌಂಡ್, ವಾಯ್ಸ್, ಆಬ್ಲಿವಿಯನ್.ಇಎಸ್ಎಂ, ಬ್ರೆಟನ್, ಎಂ. ಇದ್ದ ಸಾಲಿನ ದನಿ ಬದಲಿಸಿದ್ರ ಫೋಲ್ಡರ್ ಆಬ್ಲಿವಿಯನ್.ಇಎಸ್ಎಂ ಹೆಸರಿಂದ ಇರಬೇಕು, ನಿಮ್ಮ ಇಎಸ್‌ಪಿ (ನಿಮ್ಮ ಬದಲಾವಣಿ ಇರೋ ಫೈಲ್) ಹೆಸರಿಂದ ಅಲ್ಲ. ಹೊಸದಾಗಿ ಸೇರಿಸಿದ ಸಾಲಿಗೆ ಮಾತ್ರ ನಿಮ್ಮ ಇಎಸ್‌ಪಿ ಹೆಸರಿನ ಫೋಲ್ಡರ್. ಬಹಳ ಮಂದಿ ಇಲ್ಲೇ ಎಡವತಾರ.

ತುಟಿ: ಎಂಪಿ3 ಸಂಗಾಟ ಅದ ಹೆಸರಿನ ಲಿಪ್ ಫೈಲ್ ಬೇಕು. ಅದು ಇಲ್ಲಂದ್ರ ದನಿ ಬರತೈತಿ, ಬಾಯಿ ಅಳ್ಳಾಡೂದಿಲ್ಲ. ಹಳೇದ್ನ ಬಿಟ್ರ ಇನ್ನೂ ಕೆಟ್ಟ. ಇಂಗ್ಲಿಷ್ ಸಾಲು 3 ಸೆಕೆಂಡ್, ಕನ್ನಡದ್ದು 5 ಸೆಕೆಂಡ್ ಅಂತ ಇಟ್ಕೋರಿ, ಬಾಯಿ ಮುಚ್ಚಿದ ಮ್ಯಾಲೂ 2 ಸೆಕೆಂಡ್ ಹೊಟ್ಟಿಯಿಂದ ಮಾತು ಬರತೈತಿ. ಅಣ್ತಮ್ಮರ ಭೆಟ್ಟಿ ಮತ್ತ ಪ್ರಹಸನ. ಲಿಪ್ ಫೈಲ್ ವೇವ್ ಕಡತದಿಂದ ಹುಟ್ಟತೈತಿ. ಕನ್‌ಸ್ಟ್ರಕ್ಷನ್ ಸೆಟ್ 1.2ರಾಗ ಆ ಕೆಲಸ ಆಗೂದಿಲ್ಲ, 1.0 ಇಟ್ಕೋರಿ. ರೆಕಾರ್ಡಿಂಗ್ ಮೋನೋ ಇರಲಿ.

ಹಳೇಹುಬ್ಬಳ್ಳಿ_ಗಿರ್ಮಿಟ್

ಒಂದು ಉಪಾಯ. ಎಂಪಿ3 ಮುಗಿಯೋ ತನಕ ಸಾಲು ನಿಂತಿರತದ. ಭೆಟ್ಟಿಯ ಮೊದಲ ಸಾಲಿಗೆ, ಮಾತು ಸುರುವಾಗೋಕಿಂತ ಮೊದಲ ಅರ್ಧ ಸೆಕೆಂಡ್ ಬರೇ ಉಸಿರು ಬಿಡ್ರಿ. ಅಷ್ಟ ಸಾಕು, ಕಟಿಗಿಗೆ ಜೀವ ಬರತದ. ಹಾಸ್ಯದ ಸಾಲಿನಾಗ ಏಟು ಕೊನಿಗೆ ಇಡಬ್ಯಾಡ್ರಿ. ಆಡೋರು ಅಕ್ಷರ ಓದಿ ಮುಗದ ಕೂಡ್ಲೆ ಕ್ಲಿಕ್ ಮಾಡಿ ದಾಟತಾರ, ದನಿ ನಡುವ ಕತ್ತರಿಸತದ.

ಕುಡುಕನ ಮಾತು ಅಂತ ನಾಲಿಗಿ ತೊದಲಿಸೋದು ಬಹಳ ಬ್ಯಾಡ. ಇಂಗ್ಲಿಷ್ ಅಕ್ಷರ ಕೆಳಗ ಕಾಣ್ತಿರತದ, ಕಿವಿಗೆ ತಿಳೀಲಿಲ್ಲಂದ್ರ ಕಣ್ಣು ಅಲ್ಲಿಗೇ ಹೋಗತದ.

ಹಾವೇರಿ_ಏಲಕ್ಕಿ

ಇದ್ಯಾವುದಕ್ಕಿಂತ ದೊಡ್ಡ ತಗ್ಗು ಇನ್ನೊಂದಿದೆ. ಈ ಆಟದ ಭಿಕ್ಷುಕರು ಗೊತ್ತಲ್ಲ? ಕಾಸು ಕೇಳುವಾಗ ಗೊಗ್ಗರು ದನಿ, ಊರ ಸುದ್ದಿ ಕೇಳಿದ್ರ ಒಮ್ಮಿಗೇ ಸಾಹುಕಾರನ ದನಿ. ಯಾಕಂದ್ರ ಮೊದಲನೇದು ಅವರಿಗಂತ ರೆಕಾರ್ಡ್ ಮಾಡಿದ್ದು, ಎರಡನೇದು ಆ ಜಾತಿಯ ಎಲ್ಲರಿಗೂ ಹಂಚಿದ ಸಾಮಾನ್ಯ ಸಾಲು. ನಿಮ್ಮ ರೆನಾಲ್ಡನಿಗೂ ಅದೇ ಗತಿ. ಕ್ವೆಸ್ಟಿನ ಮಾತು ಧಾರವಾಡದ್ದು, ರೂಮರ್ಸ್ ಒತ್ತಿದ ಕೂಡಲೆ ಇಂಗ್ಲಿಷು.

ಸಾಮಾನ್ಯ ಸಾಲಿನ ಎಂಪಿ3 ಬದಲಿಸಾಕ ಹೋಗಬ್ಯಾಡ್ರಿ, ಎಲ್ಲಾ ಊರಿನ ಬ್ರೆಟನ್ ಗಂಡಸರೂ ಧಾರವಾಡದ ಸಪ್ತಾಪುರದವರಂಗ ಮಾತಾಡ್ತಾರ. ನಿಮ್ಮ ಇಎಸ್‌ಪಿ ಒಳಗ ಗ್ರೀಟಿಂಗ್, ರೂಮರ್ಸ್, ಗುಡ್‌ಬೈ ಟಾಪಿಕ್ಕಿಗೆ ಹೊಸ ಸಾಲು ಸೇರಿಸಿ, ಮಾತಾಡೋದು ಯಾರು ಅಂತ ನೋಡೋ ಗೆಟ್‌ಇಸ್‌ಐಡಿ ಕಂಡಿಷನ್ನಿನಾಗ ರೆನಾಲ್ಡನ ಹೆಸರು ಕೊಡ್ರಿ. ಗಿಲ್ಬರ್ಟನಿಗೆ ಬ್ಯಾರೆ. ಆಟ ಪಟ್ಟಿಯನ್ನ ಮ್ಯಾಲಿಂದ ಕೆಳಗ ನೋಡಿ ಮೊದಲು ಹೊಂದಿದ ಸಾಲು ಎತ್ತತದ, ಹಂಗಾಗಿ ನಿಮ್ಮವು ಮ್ಯಾಲೆ ಇರಬೇಕು. ಗ್ರೀಟಿಂಗಿನಾಗ ಕ್ವೆಸ್ಟಿನ ಸ್ವಂತ ಸಾಲುಗಳ ಕೆಳಗ ಇಡ್ರಿ. ಅವಕ್ಕಿಂತ ಮ್ಯಾಲೆ ಹೋದ್ರ ರೆನಾಲ್ಡ್ ಬರೇ ನಮಸ್ಕಾರ ಹೇಳಿಕೋತ ಕೂಡತಾನ, ಕ್ವೆಸ್ಟ್ ಸುರುವಾಗೂದೇ ಇಲ್ಲ.

ಸಾಧನಕೇರಿ_ಸುಳಿ

ಆತ್ರಿ. ಮೊದಲು ಆ್ಯಕ್ಟರ್ ನೋಟ್ಸ್, ಆಮ್ಯಾಲೆ ಗ್ರೀಟಿಂಗ್ ಕ್ರಮ. ರೂಮರ್ಸಿಗೆ ಒಬ್ಬೊಬ್ಬರಿಗೆ ಮೂರು ಸಾಲು ಸಾಕಾಗತಾವ ಅನಸ್ತದ.

ಹಳೇಹುಬ್ಬಳ್ಳಿ_ಗಿರ್ಮಿಟ್

ಗಿಲ್ಬರ್ಟಗ ಮೂರು ಸಾಕು. ರೆನಾಲ್ಡಗ ಒಂದ ಬರೀರಿ, ಏನು ಕೇಳಿದ್ರೂ ಅದನ್ನ ಅನ್ನಲಿ. ಕುಡುಕ ಅಲ್ಲ?